ಸೈಲೆನ್ಸರ್ ಸ್ಟಡ್ಡಿನ ಥ್ರೆಡ್ ಹೋಗಿದ್ಯಾ? ಯೆಯ್ಯಾಡಿಯ ಈ ಲೇತ್ ಶಾಪಿಗೆ ಒಮ್ಮೆ ಹೋಗಿ

ಇಂಜಿನ್ ಹೆಡ್ಡಲ್ಲಿ ಸೈಲೆನ್ಸರ್ ಪೈಪನ್ನು ಹಿಡಿದಿಡುವ ಸ್ಟಡ್ಡಿನ (ತಲೆ ಇಲ್ಲದ ಬೋಲ್ಟಿನ) ಪಿರಿ ಹೋಗಿ "ಹೊಸ ಹೆಡ್ಡೇ ಹಾಕ್ಬೇಕು" ಅಂತ ಹೇಳಿಸ್ಕೊಂಡವರು ಮಂಗಳೂರಲ್ಲಿ ಯಾರಾದ್ರೂ ಇದ್ರೆ, ದುಡ್ಡು ಕೊಡುವ ಮೊದ್ಲು ಯೆಯ್ಯಾಡಿ ಇಂಡಸ್ಟ್ರಿಯಲ್ ಏರಿಯಾದ ಒಳಗೆ ಒಂದು ಸುತ್ತು ಹೋಗಿ ಬನ್ನಿ. ಬೋರ್ಡ್ ಕೂಡ ಇಲ್ಲದ ಶೆಡ್ಡು, ಒಂದು ಹಳೇ ಲೇತು, ಒಂದು ಪಿಲ್ಲರ್ ಡ್ರಿಲ್ಲು, ಮಾಡುವವರು ಒಬ್ಬರೇ. ಅಲ್ಲಿ "ಹೆಲಿಕಾಯಿಲ್ ಹಾಕುವವರು ಯಾರು" ಅಂತ ಕೇಳಿದ್ರೆ ತೋರಿಸ್ತಾರೆ. ಹೆಲಿಕಾಯಿಲ್ ಅಂದ್ರೆ ಹಾಳಾದ ತೂತಿನ ಒಳಗೆ ಹೊಸ ಥ್ರೆಡ್ ಆಗಿ ಕೂರುವ ಸುರುಳಿ ತಂತಿ.

ನನ್ನ ಗಾಡಿ ಅಪ್ಪ ಓಡಿಸ್ತಿದ್ದ 2006ರ ಸ್ಪ್ಲೆಂಡರ್ ಪ್ಲಸ್. ನಮ್ಮ ಮನೆ ಪಣಂಬೂರು ಕಡೆ, ಕಡಲ ಗಾಳಿಗೆ ಕಬ್ಬಿಣ ಎಂತದ್ದೂ ಉಳಿಯುದಿಲ್ಲ, ಸ್ಟಡ್ಡು ಸ್ಟೀಲಿಂದು ಹೆಡ್ಡು ಅಲ್ಯೂಮಿನಿಯಂ, ಎರಡರ ನಡುವೆ ಉಪ್ಪುನೀರು ಸೇರಿದ್ರೆ ಬಿಳೀ ಹುಡಿ ಕಟ್ಟಿ ಥ್ರೆಡ್ಡನ್ನೇ ತಿಂತದೆ. ಮಳೆಗಾಲದಲ್ಲಿ ಆಕ್ಸಿಲರೇಟರ್ ಬಿಟ್ಟಾಗೆಲ್ಲ ಪಟ್ ಪಟ್ ಅಂತ ಸೌಂಡು, ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗದಲ್ಲಿ ಕಪ್ಪು ಮಸಿ. ಒಂದು ಗ್ಯಾರೇಜಿಗೆ ಕೊಟ್ಟೆ. ಅವರು 10ರ ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸಿದ್ರು, ನಟ್ಟಿನ ಜೊತೆ ಸ್ಟಡ್ಡೂ ಹೊರಗೆ ಬಂತು, ಅದರ ಸುತ್ತ ಸ್ಪ್ರಿಂಗ್ ಹಾಗೆ ಅಲ್ಯೂಮಿನಿಯಂ ಸುತ್ತಿಕೊಂಡಿತ್ತು. ನೋಡಿ ಹೊಟ್ಟೆ ಉರಿದು ಹೋಯ್ತು ನಂಗೆ. ಇದು ಬರೀ 6 ಎಂಎಂ ಸ್ಟಡ್ಡು ಮಾರಾಯ್ರೆ, ಆ ಸೈಜಿಗೆ ಸುಮಾರು 10 ನ್ಯೂಟನ್ ಮೀಟರ್ ಟೈಟ್ ಸಾಕು, ಅಂದ್ರೆ ಒಂದು ಮೀಟರ್ ಉದ್ದದ ಸ್ಪ್ಯಾನರಿನ ತುದಿಗೆ ಒಂದು ಕೇಜಿ ತೂಕ ನೇತು ಹಾಕಿದಷ್ಟು, ಅದಕ್ಕೆ ಪೈಪ್ ಯಾಕೆ ಬೇಕು?

ಮತ್ತೆ ಅವರು ಹೇಳಿದ ಉಪಾಯ, 8 ಎಂಎಂ ಟ್ಯಾಪ್ (ತೂತಿನ ಒಳಗೆ ಥ್ರೆಡ್ ಕೊರೆಯುವ ಟೂಲ್) ಹೊಡೆದು ದೊಡ್ಡ ಸ್ಟಡ್ ಹಾಕುವ ಅಂತ. ಹಾಗೆ ಮಾಡಿದ್ರೆ ಪೈಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಫ್ಲೇಂಜಿನ ತೂತನ್ನೂ ಕೊರೆದು ದೊಡ್ಡ ಮಾಡ್ಬೇಕು, ತೂತಿನ ಸುತ್ತ ಇರುವ ಗೋಡೆಯೂ ತೆಳು ಆಗ್ತದೆ, ನಾಳೆ ಅದೂ ಹೋದ್ರೆ ಮತ್ತೆ ಎಂತ ಮಾಡುದು. ಬೇಡ ಅಂತ ಗಾಡಿ ತಳ್ಳಿಕೊಂಡು ಬಂದೆ.

ಯೆಯ್ಯಾಡಿಯವರು ಮೊದಲು ಹೇಳಿದ್ದೇ "ಹೆಡ್ ಬಿಚ್ಚಿ ತನ್ನಿ, ಗಾಡಿಯಲ್ಲೇ ಇಟ್ಟು ಕೈ ಡ್ರಿಲ್ಲಲ್ಲಿ ನಾನು ಹೊಡೆಯುದಿಲ್ಲ" ಅಂತ. ಆಗ ಬೇಜಾರಾಯ್ತು, ಯಾಕಂದ್ರೆ ಹೆಡ್ ಬಿಚ್ಚಿದ್ರೆ ಗ್ಯಾಸ್ಕೆಟ್ ಖರ್ಚು, ಟೈಮಿಂಗ್ ಚೈನು ಕೂರಿಸುವ ಕೆಲಸ ಎಲ್ಲ ಬರ್ತದೆ. ಆದ್ರೆ ಕಣ್ಣೆದುರು ಮಾಡುದನ್ನು ನೋಡಿದ ಮೇಲೆ ಅವರು ಹೇಳಿದ್ದೇ ಸರಿ ಅನ್ನಿಸ್ತು. ಹೆಡ್ಡನ್ನು ವೈಸಲ್ಲಿ ಕೂರಿಸಿ, ಹೆಡ್ಡಲ್ಲಿ ಉಳಿದಿದ್ದ ಇನ್ನೊಂದು ಸ್ಟಡ್ಡಿಗೆ ಮಟ್ಟಗೋಲು ಹಿಡಿದು, ಮೇಲಿಂದ ಕೆಳಗೆ ನೇರ ಬರುವವರೆಗೆ ನಾಲ್ಕು ಸರ್ತಿ ಸರಿ ಮಾಡಿದ್ರು, ಆಮೇಲೆಯೇ ಡ್ರಿಲ್ ಮುಟ್ಟಿದ್ದು. ಡ್ರಿಲ್ ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರ್ತು, ಹೊಗೆ ಹೊರಗೆ ಬರುವ ಪೋರ್ಟಿನ ಒಳಗೆ ಬಟ್ಟೆ ಉಂಡೆ. 6.3 ಎಂಎಂ ತೂತು, ಮತ್ತೆ ಹೆಲಿಕಾಯಿಲಿಂದೇ ಬೇರೆ ಟ್ಯಾಪ್, ಮಾಮೂಲಿ ಟ್ಯಾಪ್ ಇದಕ್ಕೆ ಆಗುದಿಲ್ಲ. ಸೀಮೆಎಣ್ಣೆ ಬಿಟ್ಟು ಬಿಟ್ಟು ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ.

ಆ ಕಾಯಿಲನ್ನು ಕೈಯಲ್ಲಿ ಹಿಡಿದು ನೋಡಿದೆ. ಪೆನ್ನಿನ ಸ್ಪ್ರಿಂಗ್ ಹಾಗೆ ಕಾಣ್ತದೆ, ಆದ್ರೆ ತಂತಿ ಉರುಟು ಅಲ್ಲ, ವಜ್ರದ ಆಕಾರದ್ದು, ಸ್ಟೇನ್‌ಲೆಸ್ ಸ್ಟೀಲು. ಹೊರಗಿನ ಅಂಚು ಅಲ್ಯೂಮಿನಿಯಂ ಥ್ರೆಡ್ಡಲ್ಲಿ ಕೂರ್ತದೆ, ಒಳಗಿನ ಅಂಚೇ ಹೊಸ 6 ಎಂಎಂ ಥ್ರೆಡ್, ಹಾಗಾಗಿ ಕಂಪನಿ ಸ್ಟಡ್ಡೇ ಬಂದು ಕೂರ್ತದೆ. ಮೇಲ್ಮೈಯಿಂದ ಅರ್ಧ ಸುತ್ತು ಕೆಳಗೆ ಇಳಿಸಿ ತುದಿಯ ಸಣ್ಣ ನಾಲಗೆಯನ್ನು ಟಕ್ ಅಂತ ಮುರಿದು, ಆ ಚೂರನ್ನು ಹೊರಗೆ ತೆಗೆದು ನನ್ನ ಅಂಗೈಗೆ ಇಟ್ರು, "ಇದು ಒಳಗೆ ಉಳಿದ್ರೆ ಸ್ಟಡ್ ಪೂರ್ತಿ ಇಳಿಯುದಿಲ್ಲ" ಅಂತ. ಹೀಗೆ ತೋರಿಸಿ ಕೊಟ್ಟು ಕೆಲಸ ಮಾಡಿದವರನ್ನು ನಾನು ಬೇರೆ ಎಲ್ಲೂ ನೋಡ್ಲಿಲ್ಲ.

ಇನ್ನೊಂದು ತೂತು ಕೂಡ ಸಡಿಲ ಆಗ್ಲಿಕ್ಕೆ ಶುರುವಾಗಿತ್ತು, ಅದಕ್ಕೂ ಹಾಕಿಸಿದೆ. ಎರಡಕ್ಕೆ ಸೇರಿ 500 ತಗೊಂಡ್ರು, ಗ್ಯಾಸ್ಕೆಟ್ಟು ಮತ್ತು ಹೆಡ್ ಬಿಚ್ಚಿ ಹಾಕಿದ ಖರ್ಚು ಬೇರೆ.

ಕೊರತೆ ಉಂಟು, ಹೇಳ್ತೇನೆ. ಇವತ್ತು ಬಾ ನಾಳೆ ಬಾ ಅಂತ ಮೂರು ದಿನ ಹೋಯ್ತು, ಬಿಲ್ ಕೊಡುದಿಲ್ಲ, ಫೋನ್ ಎತ್ತುದಿಲ್ಲ. ಅರ್ಜೆಂಟ್ ಇದ್ದವರಿಗೆ ಕಷ್ಟ.

ಈಗ ನಾಲ್ಕು ತಿಂಗಳಾಯ್ತು, ದಿನಾ ಸುರತ್ಕಲ್ಲಿಗೆ ಹೋಗಿ ಬರ್ತೇನೆ, ಎರಡು ಸರ್ತಿ ಉಡುಪಿಗೂ ಹೋಗಿ ಬಂದೆ, ಪಟ್ ಪಟ್ ಸೌಂಡಿಲ್ಲ, ಮಸಿಯೂ ಇಲ್ಲ. ನೀವು ಹೋಗುದಾದ್ರೆ ಹೊಸ ಸ್ಟಡ್ಡು, ನಟ್ಟು, ಸೈಲೆನ್ಸರ್ ರಿಂಗ್ ಮೊದ್ಲೇ ತಗೊಂಡು ಹೋಗಿ, ಅವರ ಹತ್ರ ಅದೆಲ್ಲ ಇರುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಬಾಗಿಲು ಹಾಕಿರ್ತದೆ, ಬೆಳಿಗ್ಗೆ 10ರ ಹತ್ರ ಹೋದ್ರೆ ಸಿಗ್ತಾರೆ.