ತೆಂಗಿನಕಾಯಿಗೆ ಯಾವ ತೋಟಾ? ಪಾಯಿಂಟ್ ಟೂಟೂ ಕೋವಿಯಲ್ಲಿ ಮೂರು ಬಗೆ ಹೊಡೆದು ನೋಡಿದ್ದು

ನಮ್ಮ ಕೊಡಗಿನಲ್ಲಿ ಹಬ್ಬಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಅದಕ್ಕೆ ಪಾಯಿಂಟ್ ಟೂಟೂ, ಅಂದರೆ .22 ಇಂಚಿನ ಸಣ್ಣ ರೈಫಲ್ಲಿಗೆ, ಯಾವ ತೋಟಾ ಅಂತ ಮೊದಲೇ ಹೇಳಿಬಿಡುತ್ತೇನೆ: ನನ್ನ ಓಟು ಸ್ಟ್ಯಾಂಡರ್ಡ್ ವೆಲಾಸಿಟಿ, ಅಂದರೆ ಸಾಧಾರಣ ವೇಗದ ತೋಟಾಕ್ಕೆ. 40 ಗ್ರೇನ್ (ಸುಮಾರು ಎರಡೂವರೆ ಗ್ರಾಂ) ಗುಂಡು, ಬೂದು ಬಣ್ಣದ ಬರಿ ಸೀಸ, ಮುಟ್ಟಿದರೆ ಬೆರಳಿಗೆ ಮೇಣ ಅಂಟುತ್ತದೆ. ನೋಡಲು ಏನೂ ಚೆಂದವಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ಕೈಲ್ ಪೊಳ್ದ್ (ಕೊಡವರ ಆಯುಧ ಪೂಜೆಯ ಹಬ್ಬ) ಬೇಕಾಯಿತು. ನಡುವೆ ಒಂದು ಸಲ ಊರವರ ಮುಂದೆ ಮಾನವೂ ಹೋಯಿತು.

ಅಜ್ಜನ ಕಾಲದಲ್ಲಿ ಯಾವ ಗುಂಡು ಒಳ್ಳೆಯದು ಅನ್ನುವ ಮಾತು ಹಂದಿ, ಕಡವೆ ಲೆಕ್ಕದಲ್ಲಿ ನಡೆಯುತ್ತಿತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಲೆಕ್ಕ ಮುಗಿಯಿತು. ಈಗ ನಮ್ಮ ಕೋವಿಗೆ ಉಳಿದಿರುವ ಬೇಟೆ ತೆಂಗಿನಕಾಯಿ ಒಂದೇ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯದ ಜಮೀನು) ಹಿಡುವಳಿದಾರರಿಗೂ ಇರುವ ಕೋವಿ ಲೈಸೆನ್ಸ್ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿದ್ದಾರೆ. ಹಾಗಾಗಿ ಮನೆಯಲ್ಲಿ ಕೋವಿಗೆ ತೊಂದರೆಯಿಲ್ಲ. ತಲೆನೋವೆಲ್ಲ ತೋಟಾದ್ದೇ.

ನಮ್ಮ ಕಡೆ ಪಾಯಿಂಟ್ ಟೂಟೂ ವಿಭಾಗಕ್ಕೆ 50 ಮೀಟರ್ ದೂರ ಇಡುತ್ತಾರೆ. ಪ್ರತಿ ಸುತ್ತಿನಲ್ಲೂ ಒಂದೇ ಈಡು, ತಪ್ಪಿದರೆ ಹೊರಗೆ. ದೊಡ್ಡ ರೈಫಲ್ ಹಿಡಿದವರು 50 ಮೀಟರ್ ಏನು ಮಹಾ ಅನ್ನಬಹುದು. ಈ ಪುಟ್ಟ ಗುಂಡಿಗೆ, ಅದೂ ಗದ್ದೆ ಮೇಲಿಂದ ಅಡ್ಡ ಗಾಳಿ ಬೀಸುವಾಗ, ಅದೇ ಬೇಕಾದಷ್ಟು ದೂರ.

ನಾನು ಮೊದಲು ತಂದದ್ದು ಹೈ ವೆಲಾಸಿಟಿ. ಅದೇ 40 ಗ್ರೇನ್, ಮೇಲೆ ತಾಮ್ರದ ಲೇಪ, ಮದುವೆ ಮನೆ ಚೊಂಬಿನ ಹಾಗೆ ಹೊಳೆಯುತ್ತದೆ. "ಸ್ಪೀಡು ಜಾಸ್ತಿ ಸಾರ್, ಗಾಳಿಗೆ ಅಲ್ಲಾಡಲ್ಲ" ಅಂದರು ಅಂಗಡಿಯವರು. ನಾನೂ ಹೂಂ ಅಂದೆ. ಆದರೆ ಈ ಮಾತು ಪಾಯಿಂಟ್ ಟೂಟೂ ಮಟ್ಟಿಗೆ ಉಲ್ಟಾ. ಹೈ ವೆಲಾಸಿಟಿ ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 380 ಮೀಟರ್ ವೇಗದಲ್ಲಿರುತ್ತದೆ. ಅಂದರೆ ಶಬ್ದಕ್ಕಿಂತ ಮುಂದೆ. ಆ ವೇಗದಲ್ಲಿ ಗಾಳಿ ಅದನ್ನು ಜೋರಾಗಿ ಹಿಡಿದೆಳೆಯುತ್ತದೆ. 50 ಮೀಟರ್ ಮುಟ್ಟುವ ಹೊತ್ತಿಗೆ ಶಬ್ದದ ವೇಗಕ್ಕೆ, ಅಂದರೆ 340ರ ಆಸುಪಾಸಿಗೆ ಇಳಿದಿರುತ್ತದೆ. ಸ್ಟ್ಯಾಂಡರ್ಡ್ ಗುಂಡು ಹೊರಡುವುದೇ 330ರ ಒಳಗೆ, ದಾರಿಯಲ್ಲಿ ಕಳೆದುಕೊಳ್ಳುವುದೂ ಕಮ್ಮಿ. ಗುಂಡು ಎಷ್ಟು ಬೇಗ ತಲುಪಿತು ಅನ್ನುವುದಕ್ಕಿಂತ ದಾರಿಯಲ್ಲಿ ಎಷ್ಟು ಸೊರಗಿತು ಅನ್ನುವುದರ ಮೇಲೆ ಅಡ್ಡ ಗಾಳಿಯ ತಳ್ಳಾಟ ನಿಂತಿದೆ. ಹಾಗಾಗಿ ನಿಧಾನದ ಗುಂಡೇ ಕಡಿಮೆ ಸರಿಯುತ್ತದೆ. ನಿಜ ಹೇಳಬೇಕೆಂದರೆ 50 ಮೀಟರಿನಲ್ಲಿ ಎರಡರ ನಡುವಿನ ಅಂತರ ಒಂದು ಸೆಂಟಿಮೀಟರ್ ಒಳಗೇ. ಕಾಯಿ ತಪ್ಪುವಷ್ಟು ದೊಡ್ಡದಲ್ಲ. ಆದರೆ "ಗಾಳಿಗೆ ಅಲ್ಲಾಡಲ್ಲ" ಅಂತ ದುಡ್ಡು ಕೊಟ್ಟವನಿಗೆ ಹೊಟ್ಟೆ ಉರಿಯುತ್ತೆ, ಅಲ್ವಾ?

ನನ್ನನ್ನು ನಿಜಕ್ಕೂ ಕೆಡವಿದ್ದು ಗಾಳಿಯಲ್ಲ, ಎಣ್ಣೆ.

ಸೆಪ್ಟೆಂಬರ್ 3ರ ಹಬ್ಬಕ್ಕೆ ಕೋವಿ ಪೂಜೆ ಇದೆಯಲ್ಲ. ಹಿಂದಿನ ದಿನ ಚಿಕ್ಕಪ್ಪ ಕೋವಿ ಬಿಚ್ಚಿ, ನಳಿಗೆಗೆ ಬಟ್ಟೆ ಎಳೆದು, ಒಳಗೆ ಹೊರಗೆ ಫಳಫಳ ಅನ್ನುವಂತೆ ಎಣ್ಣೆ ಹಚ್ಚಿಟ್ಟರು. ಬೆಳಿಗ್ಗೆ ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆಯಾಯಿತು. ಮಧ್ಯಾಹ್ನ ಸ್ಪರ್ಧೆ. ತಿಂಗಳಿಡೀ ಅಭ್ಯಾಸ ಮಾಡಿದ್ದು ತಾಮ್ರದ ಹೈ ವೆಲಾಸಿಟಿಯಲ್ಲಿ. ಆ ದಿನಕ್ಕೆ ಅಂತ ಜಾಣತನ ಮಾಡಿ, ಸ್ನೇಹಿತನೊಬ್ಬನ ಹತ್ತಿರ ಗುರಿ ಸ್ಪರ್ಧೆಗೆಂದೇ ಮಾಡುವ ಐದು ದುಬಾರಿ ಮ್ಯಾಚ್ ತೋಟಾ ಇಸ್ಕೊಂಡಿದ್ದೆ. ಮೊದಲ ಈಡಿಗೇ ಗುಂಡು ಕಾಯಿಯ ಮೇಲಿಂದ ಹೋಗಿ ಹಿಂದಿನ ಬರೆಯಲ್ಲಿ (ಮಣ್ಣಿನ ದಿಬ್ಬದಲ್ಲಿ) ಮಣ್ಣು ಹಾರಿಸಿತು. ಕಾಯಿ ಕಂಬದ ಮೇಲೆ ಹಾಯಾಗಿ ಕೂತಿತ್ತು. ಹಿಂದಿನಿಂದ ಯಾರೋ "ಪಾಪ, ಕಾಯಿಗೆ ಭಯ ಆಯ್ತು" ಅಂದರು.

ಮಾರನೆ ವಾರ ಮನೆ ಹಿಂದಿನ ಬರೆಗೆ ಕಾಗದ ಅಂಟಿಸಿ ಪರೀಕ್ಷೆ ಮಾಡಿದೆ. ನಳಿಗೆಗೆ ಮತ್ತೆ ಎಣ್ಣೆ ಹಚ್ಚಿ, ಮರದ ದಿಮ್ಮಿ ಮೇಲೆ ಕೋವಿ ಊರಿ ಹೊಡೆದೆ. ಮೊದಲ ಗುಂಡು ನಾಲ್ಕು ಬೆರಳು ಮೇಲೆ. ಎರಡನೆಯದು ಎರಡು ಬೆರಳು ಮೇಲೆ, ಬಲಕ್ಕೆ. ಎಂಟು ಹತ್ತು ಈಡು ಆದ ಮೇಲೆ ಎಲ್ಲ ಒಂದು ಅಡಿಕೆ ಗಾತ್ರದ ಜಾಗಕ್ಕೆ ಬಂದು ಕೂತವು. ಆಮೇಲೆ ತೋಟಾ ಬದಲಿಸಿದೆ. ಮತ್ತೆ ಚೆದುರಿತು! ಮತ್ತೆ ಹತ್ತು ಈಡು ಬೇಕಾಯಿತು. ಪ್ರತಿ ಜಾತಿಯ ಗುಂಡಿನ ಮೇಣವೂ ಬೇರೆ. ಆ ಮೇಣ ನಳಿಗೆಯ ಉದ್ದಕ್ಕೂ ತೆಳ್ಳಗೆ ಹಿಡಿಯುವ ತನಕ ಗುಂಡು ಒಂದೇ ಕಡೆ ಬೀಳುವುದಿಲ್ಲ. ಎಣ್ಣೆ ಹಚ್ಚಿದ ನಳಿಗೆಯಲ್ಲಂತೂ ಮೊದಲ ಈಡನ್ನು ನಂಬಲೇಬಾರದು. ನಮ್ಮ ಸ್ಪರ್ಧೆಯಲ್ಲಿ ಲೆಕ್ಕಕ್ಕೆ ಬರುವುದೇ ಮೊದಲ ಈಡು.

ಅಲ್ಲಿಗೆ ನನ್ನ ಆಯ್ಕೆ ತಾನಾಗಿಯೇ ಆಯಿತು. ಅಭ್ಯಾಸಕ್ಕೊಂದು, ಸ್ಪರ್ಧೆಗೊಂದು ಇಟ್ಟುಕೊಳ್ಳುವ ಹಾಗಿಲ್ಲ. ವರ್ಷವಿಡೀ ಸುಡಲು ಕೈಗೆಟುಕಬೇಕು, ಹಬ್ಬದ ದಿನಕ್ಕೂ ಅದೇ ಆಗಬೇಕು. ಮ್ಯಾಚ್ ತೋಟಾ ಅತ್ಯುತ್ತಮ, ಅನುಮಾನವೇ ಇಲ್ಲ. ಆದರೆ ಅದರ ಒಂದಕ್ಕೆ ನನಗೆ ಮೂರು ಸ್ಟ್ಯಾಂಡರ್ಡ್ ಬರುತ್ತದೆ. ಈ ಸಲ ಕಾಫಿಗೆ ಒಳ್ಳೆ ರೇಟು ಸಿಕ್ಕಿದೆ ನಿಜ, ಹಾಗಂತ ಬರೆಗೆ ಹೊಡೆಯೋಕಾಗುತ್ತಾ?

ಇಸ್ಕೊಂಡ ಮ್ಯಾಚ್ ಬಿಟ್ಟರೆ ನಾನು ಹೊಡೆದು ನೋಡಿದ ಮೂರನೆಯದು 36 ಗ್ರೇನಿನ, ತುದಿಯಲ್ಲಿ ತೂತಿರುವ ಹಾಲೋ ಪಾಯಿಂಟ್. ಕಾಯಿ ಸಿಡಿದು ಚೂರಾಗುತ್ತದೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ನಮ್ಮೂರಲ್ಲಿ ಕಾಯಿಯಿಂದ ನೀರು ಸೋರಿದರೂ ಈಡು ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಸಿಡಿಸಿ ಲಾಭವಿಲ್ಲ. ನನ್ನ ಕೋವಿಯಲ್ಲಿ ಅದು ಚೆದುರಿದ್ದೂ ಜಾಸ್ತಿ.

ಸದ್ದಿನ ಲೆಕ್ಕದಲ್ಲೂ ಸ್ಟ್ಯಾಂಡರ್ಡೇ ಗೆದ್ದಿತು. ಶಬ್ದದ ವೇಗ ದಾಟುವ ಗುಂಡು ಚಾಟಿ ಬೀಸಿದ ಹಾಗೆ ಚಟೀರ್ ಅನ್ನುತ್ತದೆ. ಇದು ಠುಪ್ ಅಂದು ಸುಮ್ಮನಾಗುತ್ತದೆ, ಕೊಟ್ಟಿಗೆಯಲ್ಲಿ ಹಸು ಬೆದರುವುದಿಲ್ಲ. ಠುಸ್ ಅನ್ನುವ ತೋಟಾ ಮೂರರಲ್ಲೂ ಅಲ್ಲೊಂದು ಇಲ್ಲೊಂದು ಸಿಕ್ಕಿತು. ಕಿಡಿ ಹೊತ್ತಿಸುವ ಮದ್ದು ಬುಡದ ಅಂಚಿನಲ್ಲಿರುವ ತೋಟಾ ಇದು, ಅಂಚಿನ ಸುತ್ತ ಸರಿಯಾಗಿ ಹರಡದಿದ್ದರೆ ಹೀಗಾಗುತ್ತದೆ. ಅರ್ಧ ನಿಮಿಷ ಕೋವಿಯನ್ನು ಬರೆ ಕಡೆಗೇ ಹಿಡಿದು, ಆಮೇಲೆ ತೆಗೆಯಬೇಕು. ಇಷ್ಟೇ ಇಷ್ಟು ಗುಂಡು ಒಂದೂವರೆ ಕಿಲೋಮೀಟರ್ ಹೋಗಬಲ್ಲದು, ಹಿಂದೆ ಮಣ್ಣಿನ ಬರೆ ಇಲ್ಲದ ಕಡೆ ಅಭ್ಯಾಸವೇ ಬೇಡ.

ಸೆಮಿ ಆಟೊಮ್ಯಾಟಿಕ್ ಇರುವವರಿಗೆ ನನ್ನ ಮಾತು ಪೂರ್ತಿ ಹೊಂದುವುದಿಲ್ಲ. ಸ್ಟ್ಯಾಂಡರ್ಡ್ ತೋಟಾದ ನೂಕು ಸಾಲದೆ ಕೆಲವು ಕೋವಿಗಳು ಮುಂದಿನದನ್ನು ಎಳೆದುಕೊಳ್ಳುವುದಿಲ್ಲ. ನನ್ನದು ಬೋಲ್ಟ್, ಪ್ರತಿ ಈಡಿಗೂ ಕೈಯಲ್ಲೇ ಎಳೆದು ತುಂಬುವಂಥದ್ದು, ಆ ರಗಳೆ ಇಲ್ಲ.

ಡಬ್ಬಿ ಕೊಳ್ಳುವಾಗ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಸಂಖ್ಯೆ) ನೋಡಿ. ಒಂದೇ ಕಂಪನಿಯದಾದರೂ ಲಾಟ್ ಬದಲಾದರೆ ಗುಂಡು ಬೀಳುವ ಜಾಗ ಬದಲಾಗಬಹುದು. ನಾನು ವರ್ಷಕ್ಕೆ ಬೇಕಾದಷ್ಟನ್ನು ಒಂದೇ ಲಾಟಿನಲ್ಲಿ ತಂದು, ಮಳೆಗಾಲದ ತೇವ ತಾಗದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ.

ಈ ಸಲ ಹಬ್ಬದ ಹಿಂದಿನ ದಿನ ಚಿಕ್ಕಪ್ಪ ಎಣ್ಣೆ ಬಾಟಲಿ ಹಿಡಿದು ಬಂದಾಗ ಕೋವಿ ನನ್ನ ಕೈಯಲ್ಲೇ ಇತ್ತು. "ಒಳಗೆ ಬೇಡ ಚಿಕ್ಕಪ್ಪ, ಹೊರಗೆ ಎಷ್ಟು ಬೇಕಾದರೂ ಹಚ್ಚಿ" ಅಂದೆ. ಅವರು ಗೊಣಗುತ್ತಲೇ ಹಿಡಿಗೆ ಎರಡು ಸಲ ಎಣ್ಣೆ ತಿಕ್ಕಿದರು.