ಸೋಸಿದ ಕಡಲ ನೀರಲ್ಲಿ ಮೀನಿನ ಗುರುತು: ಇಡಿಎನ್‌ಎ ಕಿಟ್ ಬಳಸಿ ನೋಡಿದೆ

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯವಳು, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಮಕ್ಕಳ ಪ್ರಾಜೆಕ್ಟಿಗೆ ಅಂತ ಈ ಕಿಟ್ ತರಿಸಿದೆ. ಇಡಿಎನ್‌ಎ ಅಂದರೆ ಜೀವಿಗಳು ನೀರಿನಂಥ ಪರಿಸರದಲ್ಲಿ ಬಿಟ್ಟುಹೋದ ಡಿಎನ್‌ಎ. ನೀರು ಸೋಸಿ ಫಿಲ್ಟರ್ ಕಳಿಸಿದರೆ, ಅದರಲ್ಲಿ ಯಾವ ಮೀನಿನ ಡಿಎನ್‌ಎ ಇದೆ ಅಂತ ಲ್ಯಾಬಿನವರು ಪಟ್ಟಿ ಕೊಡುತ್ತಾರೆ. ಬೆಲೆ ಜಾಸ್ತಿಯೇ. ಆದರೂ ಕೊಳ್ಳಬಹುದು ಅಂತಲೇ ಹೇಳುತ್ತೇನೆ.

ಪೆಟ್ಟಿಗೆಯಲ್ಲಿ ದೊಡ್ಡ ಸಿರಿಂಜ್, ಫಿಲ್ಟರ್, ಗ್ಲೌಸ್, ಡಿಎನ್‌ಎ ಕೆಡದಂತೆ ಇಡುವ ದ್ರಾವಣ ಇದ್ದವು. ಮೀನಿನ ಮೈಯ ಲೋಳೆ, ಮಲ, ಉದುರಿದ ಜೀವಕೋಶ ಎಲ್ಲ ಫಿಲ್ಟರಿನಲ್ಲಿ ನಿಲ್ಲುತ್ತವೆ. ದಡದಿಂದ ದೂರದ ತಿಳಿ ನೀರು ಸಲೀಸಾಗಿ ಇಳಿಯಿತು. ಚಂದ್ರಗಿರಿ ಅಳಿವೆಯಲ್ಲಿ ಮಾತ್ರ ಕೆಸರು ತುಂಬಿ ಫಿಲ್ಟರ್ ಕಟ್ಟಿಕೊಂಡಿತು, ಒತ್ತಿ ಒತ್ತಿ ಕೈ ಸೋತಿತು. ಅಲ್ಲಿಗೆ ಹೋಗುವವರು ಹೆಚ್ಚುವರಿ ಫಿಲ್ಟರ್ ಇಟ್ಟುಕೊಳ್ಳಿ.

ಬಂದರಿನೊಳಗಿನ ನೀರು ಮಾತ್ರ ತೆಗೆಯಬೇಡಿ. ಅಲ್ಲಿ ಬುಟ್ಟಿ ತೊಳೆದ ನೀರು, ಐಸ್ ಕರಗಿದ ನೀರು ಎಲ್ಲ ಸೇರುತ್ತದೆ. ಎಲ್ಲೋ ದೂರದಲ್ಲಿ ಹಿಡಿದ ಮೀನೂ ನಿಮ್ಮ ಪಟ್ಟಿಗೆ ಬಂದುಬಿಡುತ್ತದೆ.

ವರದಿಯಲ್ಲಿ ಬೂತಾಯಿ, ಬಂಗುಡೆ, ಕೊಲ್ಲತರು, ಕಾಣೆ, ಟ್ಯೂನಾ ಇದ್ದವು. ಬಲೆಯನ್ನೇ ಹಾಕದೆ ಇಷ್ಟು ಸಿಕ್ಕಿತಲ್ಲ ಅಂತ ಮಕ್ಕಳಿಗೆ ಖುಷಿಯೋ ಖುಷಿ. ಲ್ಯಾಬಿನವರು ಬಳಸಿದ್ದು ಮಿಫಿಶ್ ಪ್ರೈಮರ್. ಪ್ರೈಮರ್ ಅಂದರೆ ಬೇಕಾದ ಡಿಎನ್‌ಎ ತುಣುಕನ್ನಷ್ಟೇ ಹಿಡಿದು ನಕಲು ಮಾಡಲು ಬಳಸುವ ಪುಟ್ಟ ಡಿಎನ್‌ಎ ಎಳೆ. ಜಪಾನಿನ ಮಸಾಕಿ ಮಿಯಾ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ವಿಧಾನ ಅದು. ಮೀನಿನ 12ಎಸ್ ಎಂಬ ಜೀನಿನ ಸುಮಾರು 170 ಡಿಎನ್‌ಎ ಅಕ್ಷರದ ತುಣುಕನ್ನು ಓದುತ್ತದೆ. ತುಣುಕು ಚಿಕ್ಕದು, ಹಾಗಾಗಿ ಹತ್ತಿರದ ಸಂಬಂಧಿ ಮೀನುಗಳನ್ನು ಬೇರೆ ಮಾಡುವುದು ಕಷ್ಟ. ಟ್ಯೂನಾ ಜಾತಿಗಳಂತೂ ಈ ತುಣುಕಿನಲ್ಲಿ ಹೆಚ್ಚುಕಡಿಮೆ ಒಂದೇ ತರ ಕಾಣುತ್ತವೆ. ಆದರೂ ನಮ್ಮ ವರದಿ ಟ್ಯೂನಾಕ್ಕೆ ಒಂದೇ ಹೆಸರು ಕೊಟ್ಟು ಸುಮ್ಮನಾಗಿತ್ತು. ಇದು ನನಗೆ ಹಿಡಿಸಲಿಲ್ಲ. ಅನುಮಾನ ಇರುವಲ್ಲಿ ಅನುಮಾನ ಅಂತಲೇ ಬರೆಯಬೇಕು, ಅಲ್ವಾ? ಶುದ್ಧ ನೀರು ಸೋಸಿ ಕಳಿಸಿದ ಖಾಲಿ ಮಾದರಿಯ ಫಲಿತಾಂಶವನ್ನೂ ಕೊಡಲಿಲ್ಲ. ಅದಿಲ್ಲದೆ ಕೈಯಿಂದಲೋ ಲ್ಯಾಬಿನಿಂದಲೋ ಏನಾದರೂ ಬೆರೆತಿದೆಯೇ ಅಂತ ತಿಳಿಯುವುದು ಹೇಗೆ? ಕೇಳಿ ಪಡೆಯಬೇಕಾಯಿತು.

ನಮ್ಮನ್ನು ಕರೆದೊಯ್ದ ದೋಣಿಯವರು ಕೇಳಿದರು: "ಟೀಚರೇ, ಬೂತಾಯಿ ಎಷ್ಟಿದೆ ಅಂತ ಇದು ಹೇಳುತ್ತದಾ?" ಕೇಳಬೇಕಾದ ಪ್ರಶ್ನೆಯೇ. ಕೇರಳದಲ್ಲಿ 2012ರಲ್ಲಿ 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು, 2021ರಲ್ಲಿ ಅದು ಸುಮಾರು 3,300 ಟನ್ನಿಗೆ ಕುಸಿಯಿತು. ಆ ಪೆಟ್ಟು ತಿಂದವರು ಇವರೇ. ಇಲ್ಲ ಅಂದೆ. ಇದೆ ಅನ್ನುತ್ತದೆ, ಇಷ್ಟೇ ಇದೆ ಅಂತ ಖಚಿತವಾಗಿ ಹೇಳುವುದಿಲ್ಲ. ಮರಿಯೋ ದೊಡ್ಡದೋ ಅಂತಲೂ ತಿಳಿಯುವುದಿಲ್ಲ. ಲೆಕ್ಕಕ್ಕೆ ಕೊಚ್ಚಿಯ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ಮಾಡುವ ಹಾಗೆ ದಡಕ್ಕೆ ಬಂದ ಮೀನನ್ನೇ ನೋಡಬೇಕು.

ಆದರೆ ಕೇರಳದಲ್ಲಿ ಮಳೆಗಾಲದ ಟ್ರಾಲಿಂಗ್ (ದೋಣಿಯಿಂದ ದೊಡ್ಡ ಬಲೆ ಎಳೆದು ಮೀನು ಹಿಡಿಯುವುದು) ನಿಷೇಧದ 52 ದಿನ ಟ್ರಾಲ್ ದೋಣಿಗಳೆಲ್ಲ ದಡದಲ್ಲಿರುತ್ತವೆ. ಆಗ ಆಳದ ಕಡಲಿನಲ್ಲಿ ಏನಿದೆ ಅಂತ ತಿಳಿಯಲು ಇದು ಒಳ್ಳೆಯ ದಾರಿ. ಕಡಲ ನೀರಲ್ಲಿ ಡಿಎನ್‌ಎ ಕೆಲವು ಗಂಟೆಯಿಂದ ಕೆಲವು ದಿನದೊಳಗೆ ಕರಗಿಹೋಗುತ್ತದೆ, ಹಾಗಾಗಿ ಸಿಗುವ ಸುದ್ದಿ ತಾಜಾ. ತಾಟೆ (ಶಾರ್ಕ್), ತೊರಕೆಯ (ರೇ ಮೀನು) ಬಗ್ಗೆ ತಿಳಿಯಬೇಕಿದ್ದರೆ ಅದಕ್ಕೆ ಬೇರೆ ಪ್ರೈಮರ್ ಬೇಕು, ಹಣ ಕಟ್ಟುವ ಮೊದಲೇ ಲ್ಯಾಬಿನವರಿಗೆ ಹೇಳಿಬಿಡಿ.