ಶಾಲೆಯ ಬಹುಮಾನಕ್ಕೆ ಚನ್ನಪಟ್ಟಣದ ಮರದ ಸಾಮಾನು: ತಂದು ನೋಡಿದ ಮೇಲೆ ಬರೆದದ್ದು

ನಾನು ಮದ್ದೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯೆ. ಮಗಳು ಅಲ್ಲೇ ಆರನೇ ಕ್ಲಾಸು. ಪ್ರತಿ ವರ್ಷ ಆಗಸ್ಟ್ 15ರಂದು ಬಾವುಟ ಹಾರಿಸಿದ ಮೇಲೆ ಚೆನ್ನಾಗಿ ಓದಿದ ಮಕ್ಕಳಿಗೂ ಇಬ್ಬರು ಶಿಕ್ಷಕರಿಗೂ ಸನ್ಮಾನ ಮಾಡುತ್ತೇವೆ. ಬಹುಮಾನ ತರುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು.

ಹೋದ ವರ್ಷ ಕೊಟ್ಟಿದ್ದು ಚಿನ್ನದ ಬಣ್ಣದ ಪ್ಲಾಸ್ಟಿಕ್ ಟ್ರೋಫಿ ಕಪ್ಪು. ದೀಪಾವಳಿ ಹೊತ್ತಿಗೆ ಸ್ಟಿಕ್ಕರ್ ಕಿತ್ತು ಬಂದಿತ್ತು. ಪಕ್ಕದ ಮನೆ ಹುಡುಗನ ಕಪ್ಪಿನ ಹಿಡಿ ಮುರಿದಿತ್ತು. ಅವನು ಅದನ್ನು ಫೆವಿಕ್ವಿಕ್ ಹಾಕಿ ಅಂಟಿಸುತ್ತಾ ಕೂತಿದ್ದು ನೋಡಿ ನನಗೆ ತುಂಬಾ ಸಂಕಟ ಆಯ್ತು. ಮಗು ವರ್ಷವೆಲ್ಲ ಓದಿ ತಗೊಂಡಿದ್ದು ಅಲ್ವಾ?

ಅದಕ್ಕೇ ಈ ಸಲ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆ. ರಸ್ತೆ ಪಕ್ಕದ ಅಂಗಡಿಗಳಲ್ಲಿ ರೇಟು ಜಾಸ್ತಿ ಅನ್ನಿಸಿತು. ಊರೊಳಗೆ ಒಂದು ಗಲ್ಲಿಯಲ್ಲಿ, ಮನೆ ಮುಂದೆಯೇ ಲೇತ್ ಇಟ್ಟುಕೊಂಡವರು ಒಬ್ಬರು ಸಿಕ್ಕರು.

‘ಹನ್ನೊಂದು ಪೆನ್ ಸ್ಟ್ಯಾಂಡ್ ಬೇಕು ಅಣ್ಣಾ, ಶಾಲೆ ಮಕ್ಕಳಿಗೆ’ ಅಂದೆ.

‘ಶಾಲೆಗಾ? ಕೂತ್ಕೊಳ್ಳಕ್ಕ, ನಿಮ್ಮೆದುರಿಗೇ ಒಂದು ಮಾಡಿ ತೋರಿಸ್ತೀನಿ.’

ಬಿಳಿಯ ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ ಉಳಿ ಹಿಡಿದರು. ಹೊಟ್ಟು ಸುರುಳಿ ಸುರುಳಿಯಾಗಿ ಅವರ ಕಾಲ ಮೇಲೆ ಬಿತ್ತು. ಆಮೇಲೆ ತಿರುಗುತ್ತಿರುವ ಮರಕ್ಕೆ ಕೆಂಪು ಅರಗಿನ ಕಡ್ಡಿ ಒತ್ತಿದರು. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೊದಲು ಮಂಕಾಗಿ, ಗೆರೆಗೆರೆಯಾಗಿ ಕಂಡಿತು. ಒಣಗಿದ ಗರಿಯನ್ನು ಮಡಚಿ ಒತ್ತಿ ಹಿಡಿದರು ನೋಡಿ, ಗಾಜಿನ ಥರ ಹೊಳಪು ಬಂತು. ಕೈಗೆ ಕೊಟ್ಟಾಗ ಇನ್ನೂ ಬೆಚ್ಚಗಿತ್ತು.

ಶಿಕ್ಷಕರಿಗೆ ಏನು ಕೊಡೋದು ಅಂತ ನನಗೆ ಹೊಳೆದಿರಲಿಲ್ಲ. ‘ಯಾವ ಕ್ಲಾಸಿನ ಮೇಷ್ಟ್ರು?’ ಅಂತ ಅವರೇ ಕೇಳಿದರು. ನಲಿಕಲಿ, ಅಂದರೆ ಒಂದರಿಂದ ಮೂರನೇ ಕ್ಲಾಸು, ಅಂದೆ. ದಪ್ಪದಿಂದ ಸಣ್ಣಕ್ಕೆ ಒಂದರ ಮೇಲೊಂದು ಜೋಡಿಸುವ ಬಣ್ಣದ ಬಳೆಗಳನ್ನು ತೆಗೆದು ಮುಂದಿಟ್ಟರು. ಗಣಿತದ ಮೇಡಂಗೆ ಕುಂಕುಮದ ಭರಣಿ ಆರಿಸಿದೆ. ಪೆನ್ ಸ್ಟ್ಯಾಂಡ್ ತಲಾ 180, ಬಳೆ 350, ಭರಣಿ 300. ಒಟ್ಟು 2,630 ರೂಪಾಯಿ. ಹೋದ ವರ್ಷದ ಕಪ್ಪುಗಳಿಗೂ ಹೆಚ್ಚುಕಮ್ಮಿ ಇಷ್ಟೇ ಆಗಿತ್ತು.

ತೊಂದರೆನೂ ಹೇಳಿಬಿಡುತ್ತೇನೆ. ಒಂದು ಪೆನ್ ಸ್ಟ್ಯಾಂಡಿನ ತಳ ಸಮ ಇರಲಿಲ್ಲ, ಅಲ್ಲಾಡುತ್ತಿತ್ತು. ಕೇಳಿದ ತಕ್ಷಣ ಬದಲಿಸಿ ಕೊಟ್ಟರು. ನೀವೂ ಒಂದೊಂದನ್ನೇ ನೆಲದ ಮೇಲಿಟ್ಟು ನೋಡಿ ತಗೊಳ್ಳಿ. ಹೆಸರು ಅವರು ಬರೆಯೋದಿಲ್ಲ. ನಾನು ಮದ್ದೂರಿನಲ್ಲಿ ಬೋರ್ಡ್ ಬರೆಯುವವರ ಹತ್ತಿರ ಬರೆಸಿದೆ, ಎರಡು ದಿನ ಹಿಡಿಯಿತು. ಬರೀ ಪೇಪರಿನಲ್ಲಿ ಸುತ್ತಿಕೊಡುತ್ತಾರೆ, ಡಬ್ಬ ನೀವೇ ಒಯ್ಯಬೇಕು. ನೀರಲ್ಲಿ ತೊಳೆಯಬೇಡಿ, ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಕಾರ್ಯಕ್ರಮದ ದಿನ ಮೊದಲು ಕರೆದಿದ್ದು ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ ಪಾಸಾದ ಹುಡುಗಿಯನ್ನು. ಈಗ ಒಂಬತ್ತನೇ ಕ್ಲಾಸು, ಹೈಸ್ಕೂಲಿನ ಯೂನಿಫಾರಂನಲ್ಲೇ ಬಂದಿದ್ದಳು. ಈ ಪರೀಕ್ಷೆಯಲ್ಲಿ ಆಯ್ಕೆಯಾದರೆ ಒಂಬತ್ತರಿಂದ ಸೆಕೆಂಡ್ ಪಿಯುವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ. ಕೂಲಿ ಮಾಡುವ ಮನೆಗೆ ಅದು ಸಣ್ಣ ದುಡ್ಡಲ್ಲ. ಅವಳಿಗಾಗಿ ಗಣಿತದ ಮೇಡಂ ತಿಂಗಳುಗಟ್ಟಲೆ ಬೆಳಗ್ಗೆ ಎಂಟಕ್ಕೇ ಬಂದು ಪಾಠ ಮಾಡಿದ್ದರು. ಹುಡುಗಿ ಪೆನ್ ಸ್ಟ್ಯಾಂಡ್ ತಗೊಂಡವಳೇ ತಿರುಗಿಸಿ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು.

ನಲಿಕಲಿ ಮೇಷ್ಟ್ರಿಗೆ ಇದುವರೆಗೆ ಯಾರೂ ಸನ್ಮಾನ ಮಾಡಿರಲಿಲ್ಲ. ಒಂದೇ ಕೋಣೆಯಲ್ಲಿ ಒಂದು, ಎರಡು, ಮೂರನೇ ಕ್ಲಾಸಿನ ಮಕ್ಕಳನ್ನು ಕೂರಿಸಿಕೊಂಡು ಅಕ್ಷರ ಕಲಿಸುತ್ತಾರೆ. ಅವರ ಕೆಲಸ ಯಾವ ರಿಸಲ್ಟಿನಲ್ಲೂ ಕಾಣೋದಿಲ್ಲ. ಅವರು ಆ ಬಳೆಗಳನ್ನು ಮನೆಗೆ ಒಯ್ಯಲಿಲ್ಲ, ಮಾರನೇ ದಿನವೇ ಕ್ಲಾಸಿನಲ್ಲಿ ಇಟ್ಟರು. ಮೊನ್ನೆ ಹೋಗಿದ್ದಾಗ ನೋಡಿದೆ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳು ನಾಲಿಗೆ ಕಚ್ಚಿಕೊಂಡು ಹಸಿರು ಬಳೆ ಎಲ್ಲಿ ಕೂರುತ್ತೆ ಅಂತ ಹುಡುಕುತ್ತಿದ್ದಳು.